ಚಾರ್ಲಿಯ ನೆಪದಲ್ಲಿ ಬಂದವರಿಗೆ

ಹೋದ ಭಾನುವಾರ, 2021ರ ಸೆಪ್ಟೆಂಬರ್ 26ರ ಸಂಜೆ, ಡ್ರಮ್ಮರ್ ಚಾರ್ಲಿ ವಾಟ್ಸ್ ನೆನಪಿಗೆಂದು ನಮ್ಮ ಮನೆ ತಾರಸಿಗೆ ಬಂದಿದ್ದ ಹದಿಮೂರು ಜನಕ್ಕೂ, ಬರಲಾಗದೆ ಫೋನ್ ಮಾಡಿದವರಿಗೂ ಒಬ್ಬೊಬ್ಬರಿಗೇ ಧನ್ಯವಾದ ಹೇಳಲು ಹೊರಟರೆ ಯಾರನ್ನಾದರೂ ಮರೆತೇಬಿಡುತ್ತೇನೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸುದ್ದಿ ಬಂದದ್ದು ಆಗಸ್ಟ್ 24ರ ರಾತ್ರಿ. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ, ಮನೆಮಂದಿಯ ನಡುವೆ ತೀರಿಕೊಂಡಿದ್ದರು. 80 ವರ್ಷ. ಆ ತಿಂಗಳ ಮೊದಲ ವಾರವೇ ಬ್ಯಾಂಡಿನವರು, ಅವರಿಗೆ ವಿಶ್ರಾಂತಿ ಬೇಕು, ಅಮೆರಿಕದ ಪ್ರವಾಸದಲ್ಲಿ ಅವರ ಬದಲು ಸ್ಟೀವ್ ಜೋರ್ಡನ್ ನುಡಿಸುತ್ತಾರೆ ಎಂದು ಹೇಳಿದ್ದರು. ಆಗಲೇ ಮನಸ್ಸಿಗೆ ಏನೋ ಅನ್ನಿಸಿತ್ತು. 1963ರಿಂದ 58 ವರ್ಷ ಆ ಕುರ್ಚಿ ಬಿಟ್ಟು ಏಳದವರು, ಸುಮ್ಮಸುಮ್ಮನೆ ಏಳುವವರಲ್ಲ. "ಯಾರು ಹೋದರು?" ಅಂತ ಮನೆಯವರು ಕೇಳಿದರು. "ಚಾರ್ಲಿ" ಅಂದೆ. ಅವರು ಏನೂ ಮಾತಾಡದೆ ನನ್ನ ಕೈಗೆ ಟವೆಲ್ ಕೊಟ್ಟು ಉಳಿದ ಪಾತ್ರೆ ತಾವೇ ತೊಳೆದರು. ಮೊದಲ ಧನ್ಯವಾದ ಅವರಿಗೆ.

ನಾನು ದೊಡ್ಡ ರಾಕ್ ಬ್ಯಾಂಡಿನ ಡ್ರಮ್ಮರ್ ಅಲ್ಲ ಅನ್ನುವುದು ನಿಮಗೆಲ್ಲ ಗೊತ್ತು. ಗಣೇಶನ ಪೆಂಡಾಲು, ನವೆಂಬರ್ ತಿಂಗಳ ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು ಅಂತ ಇಪ್ಪತ್ತೈದು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವನು. ಶುರುವಿನಲ್ಲಿ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದೆ. ಪಲ್ಲವಿ ಮುಗಿಯುವಷ್ಟರಲ್ಲಿ ನಾಲ್ಕು ಸಲ ಸಿಂಬಲ್ ಒಡೆದುಹೋಗುವ ಹಾಗೆ ಹೊಡೆಯುತ್ತಿದ್ದೆ. ಒಂದು ಗಣೇಶೋತ್ಸವದಲ್ಲಿ ಹಾಡುವ ಅಕ್ಕ ಅರ್ಧ ಹಾಡಿಗೇ ಹಿಂದೆ ತಿರುಗಿ, ಮೈಕಿಗೆ ಕೈ ಅಡ್ಡ ಇಟ್ಟು, "ತಮ್ಮಾ, ನಾನು ಹಾಡ್ತಿರೋದು ನನಗೇ ಕೇಳಿಸ್ತಿಲ್ಲ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಸ್ನೇಹಿತನೊಬ್ಬನ ಮನೆಯಲ್ಲಿ ಸ್ಟೋನ್ಸ್ ಕಾರ್ಯಕ್ರಮದ ವಿಡಿಯೋ ಕ್ಯಾಸೆಟ್ ನೋಡಿದೆ. ಎಲ್ಲರೂ ಮುಂದೆ ಹಾಡುತ್ತಿದ್ದ ಮಿಕ್ ಜ್ಯಾಗರ್‌ನನ್ನು ನೋಡುತ್ತಿದ್ದರು. ನಾನು ಹಿಂದೆ ಕೂತಿದ್ದ ಮನುಷ್ಯನ ಬಲಗೈ ನೋಡುತ್ತಿದ್ದೆ. ಡ್ರಮ್ಸ್ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳುತ್ತೇನೆ. ಸಾಮಾನ್ಯವಾಗಿ ಬಲಗೈ ಹೈ-ಹ್ಯಾಟ್ ಅನ್ನುವ ಜೋಡಿ ತಾಳದ ಮೇಲೆ, ನಾಲ್ಕು ಎಣಿಕೆಗೆ ಒಂದೇ ಸಮ ಎಂಟು ಪೆಟ್ಟು ಹಾಕುತ್ತಿರುತ್ತದೆ. ಎಡಗೈ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ ಬೀಳುತ್ತದೆ. ಆ ಎರಡು ಕಡೆ ಎರಡೂ ಕೈ ಒಟ್ಟಿಗೇ ಬೀಳುತ್ತವೆ. ಚಾರ್ಲಿ ಹಾಗೆ ಮಾಡುತ್ತಿರಲಿಲ್ಲ. ಎಡಗೈ ಸ್ನೇರ್ ಮೇಲೆ ಬೀಳುವ ಹೊತ್ತಿಗೆ ಬಲಗೈ ಹೈ-ಹ್ಯಾಟಿನಿಂದ ಮೇಲೆದ್ದಿರುತ್ತಿತ್ತು. ಸ್ನೇರ್ ಒಂದೇ, ಬೇರೆ ಏನೂ ಬೆರೆಯದೆ, ಟಪ್ ಅಂತ ಕೇಳುತ್ತಿತ್ತು. ಎಡಗೈಯ ಸ್ಟಿಕ್ ಹಿಡಿತವೂ ಹಳೇ ಜಾಝ್‌ನವರದು: ಅಂಗೈ ಮೇಲ್ಮುಖ, ಹೆಬ್ಬೆರಳ ಬುಡದಲ್ಲಿ ಸ್ಟಿಕ್. ಮುಂದೆ ಕ್ರೀಡಾಂಗಣದ ತುಂಬ ಜನ, ಇವರ ಮುಂದೆ ನಾಲ್ಕೇ ನಾಲ್ಕು ಡ್ರಮ್ಮಿನ ಹಳೇ ಗ್ರೆಚ್ ಕಂಪನಿ ಸೆಟ್.

ಮನೆಗೆ ಬಂದು ದಿಂಬಿನ ಮೇಲೆ ಅಭ್ಯಾಸ ಶುರು ಮಾಡಿದೆ. ಬಲಗೈ ಎತ್ತುವುದು ಅಷ್ಟು ಕಷ್ಟವಾಗುತ್ತದೆ ಅಂದುಕೊಂಡಿರಲಿಲ್ಲ. ತಿಂಗಳುಗಟ್ಟಲೆ ಹಿಡಿಯಿತು. ಅದು ಕೈಗೆ ಕೂತ ಮೇಲೆ ಹಾಡುವವರೇ ನನ್ನ ಹೆಸರು ಹೇಳಿ ಕರೆಸಲು ಶುರು ಮಾಡಿದರು. ಅದೇ ಅಕ್ಕ ಮುಂದೆ ಹನ್ನೆರಡು ವರ್ಷ ನಾನಿಲ್ಲದೆ ಕಾರ್ಯಕ್ರಮ ಒಪ್ಪಿಕೊಳ್ಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಒಲೆ ಉರಿದದ್ದರಲ್ಲಿ ಆ ಬಲಗೈಯ ಪಾಲಿದೆ. ಚಾರ್ಲಿ ಅವರಿಗೆ ನಾನು ಹೇಳಬೇಕಾಗಿದ್ದದ್ದು ಅದು. ಹೇಳುವ ದಾರಿ ಇರಲಿಲ್ಲ.

ಅವರನ್ನು ನೋಡಿದ್ದೇನೆ, ಒಂದೇ ಸಲ. 2003ರ ಏಪ್ರಿಲ್ 4, ಬೆಂಗಳೂರಿನ ಅರಮನೆ ಮೈದಾನ. ಆಗ ಅವರಿಗೆ 61. ನಾನು ನಿಂತಿದ್ದ ಕಡೆಯಿಂದ ಅವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಭಾವನಿಂದ ಇಸಿದುಕೊಂಡು ಹೋಗಿದ್ದ ಬೈನಾಕ್ಯುಲರ್‌ನಲ್ಲಿ ಪೂರ್ತಿ ಕಾರ್ಯಕ್ರಮ ಬಲಗೈ ಒಂದನ್ನೇ ನೋಡಿದೆ. ಏಳುತ್ತಿತ್ತು, ಇಳಿಯುತ್ತಿತ್ತು. ಪಕ್ಕದಲ್ಲಿದ್ದವನು ಎರಡು ಸಲ ಬೈನಾಕ್ಯುಲರ್ ಕೇಳಿದ. ಕೊಡಲಿಲ್ಲ. ಭಾನುವಾರ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದಿದ್ದವನು ಅವನೇ. ಅವತ್ತಿನದಕ್ಕೆ ಕ್ಷಮೆ ಇರಲಿ ಮಾರಾಯ, ಮೊನ್ನೆ ಬಂದದ್ದಕ್ಕೆ ಕೈ ಮುಗಿಯುತ್ತೇನೆ.

ಮೊನ್ನೆ ಭಾನುವಾರ ನೀವು ಒಬ್ಬೊಬ್ಬರೂ ಚಾರ್ಲಿ ಬಗ್ಗೆ ಗೊತ್ತಿದ್ದನ್ನು ಹೇಳುತ್ತಾ ಹೋದಿರಿ. ಲಂಡನ್ನಿನ ವೆಂಬ್ಲಿ ಕಡೆ, ರೈಲ್ವೆಗೆ ಲಾರಿ ಓಡಿಸುತ್ತಿದ್ದವರ ಮಗ. ಹುಡುಗನಾಗಿದ್ದಾಗ ಬ್ಯಾಂಜೋ ಅನ್ನುವ ತಂತಿವಾದ್ಯ ಕಲಿಯಲು ಹೋಗಿ, ಒಗ್ಗದೆ, ಅದರ ಕುತ್ತಿಗೆ ಕಿತ್ತು ಹಾಕಿ, ಉಳಿದ ಬುರುಡೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಬ್ರಶ್‌ನಲ್ಲಿ ನುಡಿಸಿದ್ದು. ಚಿತ್ರಕಲೆ ಓದಿ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿದ್ದು. 2004ರಲ್ಲಿ ಗಂಟಲು ಕ್ಯಾನ್ಸರ್ ಬಂದು, ಗುಣವಾಗಿ, ಮತ್ತೆ ಅದೇ ಕುರ್ಚಿಗೆ ವಾಪಸಾದದ್ದು. 1964ರಲ್ಲಿ ಮದುವೆಯಾದ ಶರ್ಲಿ ಅವರ ಜೊತೆ ಕೊನೆತನಕ ಬಾಳಿದ್ದು. ಡೆವನ್‌ನಲ್ಲಿ ಇಬ್ಬರೂ ಸೇರಿ ಅರಬ್ಬೀ ಕುದುರೆ ಸಾಕಿದ್ದು. 1967ರಿಂದ ಪ್ರವಾಸದಲ್ಲಿ ತಾವು ಮಲಗಿದ ಪ್ರತಿಯೊಂದು ಹೋಟೆಲಿನ ಮಂಚವನ್ನೂ ಕೂತು ಚಿತ್ರ ಬರೆಯುತ್ತಿದ್ದರು ಅಂದಾಗ ನಮ್ಮ ಕೀಬೋರ್ಡ್ ಅಣ್ಣ, "ಹಾಗಾದರೆ ನಮ್ಮ ಬೆಂಗಳೂರಿನ ಮಂಚವೂ ಅವರ ಪುಸ್ತಕದಲ್ಲಿ ಇರಬೇಕಲ್ಲ!" ಅಂದರು. ಅದನ್ನು ಕೇಳಿದಾಗಿನಿಂದ ನನಗೆ ಎಂಥದೋ ಸಮಾಧಾನ.

ಬೀದಿ ಕೊನೆಯ ಮೃದಂಗದ ಮೇಷ್ಟ್ರಿಗೆ ಬೇರೆಯಾಗಿಯೇ ಹೇಳಬೇಕು. ಸ್ಟೋನ್ಸ್ ಅವರ 1969ರ ಹಾಡು 'ಹಾಂಕಿ ಟಾಂಕ್ ವಿಮೆನ್' ಹಾಕಿದಾಗ ಅವರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಮೊದಲು ಕೌಬೆಲ್, ಅಂದರೆ ಕೋಲಿನಿಂದ ಬಡಿಯುವ ಲೋಹದ ಗಂಟೆ, ಅದು ನಿರ್ಮಾಪಕ ಜಿಮ್ಮಿ ಮಿಲ್ಲರ್ ಅವರದು. ಅದರ ಹಿಂದೆಯೇ ಚಾರ್ಲಿ. ಮೇಷ್ಟ್ರು ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಿದ್ದವರು ಸ್ವಲ್ಪ ಹೊತ್ತಿಗೇ ಕಣ್ಣು ಬಿಟ್ಟು, "ಏನಪ್ಪಾ, ಎರಡರಲ್ಲೂ ನಾಲ್ಕರಲ್ಲೂ ಒಂದು ಶಬ್ದ ಕಮ್ಮಿ ಇದೆಯಲ್ಲ?" ಅಂದರು. ಕಣ್ಣಿಂದ ನೋಡಿದ ಮೇಲಷ್ಟೇ ನನಗೆ ತಿಳಿದದ್ದು ಅವರಿಗೆ ಕಿವಿಯಲ್ಲೇ ಸಿಕ್ಕಿತು. ನನಗೆ ಗಂಟಲು ಕಟ್ಟಿ ಉತ್ತರ ಹೇಳಲು ಆಗಲಿಲ್ಲ. ಮೇಷ್ಟ್ರೇ, ಅದು ಅವರು ಎತ್ತಿದ ಕೈ.

ಇನ್ನೊಂದು ಮಾತು. ಕೊರೊನಾ ಬಂತೆಂದು ಹೋದ ವರ್ಷ ಮಾರ್ಚಿನಲ್ಲಿ ಗೋಣಿಚೀಲದೊಳಗೆ ಕಟ್ಟಿಟ್ಟ ಡ್ರಮ್ಸನ್ನು ನಾನು ಬಿಚ್ಚಿರಲಿಲ್ಲ. ಎರಡು ಗಣೇಶ ಕೆಲಸವಿಲ್ಲದೆ ಹೋದವು. ಈ ಏಪ್ರಿಲ್, ಮೇನಲ್ಲಿ ನಮ್ಮವರೇ ಎಷ್ಟೋ ಜನ ಹೋದಾಗ ಮನೆ ಬಾಗಿಲಿಗೂ ಹೋಗಿಬರಲು ಆಗಲಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಮನೆಗೆ ಅಕ್ಕಿ ತಂದಿಟ್ಟವರು ಯಾರು ಅಂತ ನನಗೆ ಗೊತ್ತು. ಹೆಸರು ಹೇಳಬೇಡ ಅಂದಿದ್ದೀರಿ, ಹೇಳುವುದಿಲ್ಲ. ಭಾನುವಾರ ಚೀಲ ಬಿಚ್ಚಿ ಮೂರು ಮಹಡಿ ಹೊತ್ತು ತಂದವರು, ತುಕ್ಕು ಹಿಡಿದ ಪೆಡಲಿಗೆ ತೆಂಗಿನೆಣ್ಣೆ ಹಾಕಿದವರು, ರಾತ್ರಿ ಒಂಬತ್ತರವರೆಗೆ ಸದ್ದು ಸಹಿಸಿ ಒಂದು ಡಬರಿ ಚಿತ್ರಾನ್ನ ಕಳಿಸಿದ ಕೆಳಮನೆಯ ಅಮ್ಮ, ಎಲ್ಲರಿಗೂ ನಾನು ಋಣಿ. ಚಾರ್ಲಿಯ ಹೆಸರಲ್ಲಿ ಕೂತಿದ್ದರೂ, ಹೋದವರೆಲ್ಲರ ಹೆಸರು ಒಂದೊಂದಾಗಿ ಬಂತು. ಆ ಅಕ್ಕ ಹಾಡಿದರು. ನಾನು ನುಡಿಸಿದೆ. ಕೈ ಜಡ್ಡು ಹಿಡಿದಿತ್ತು, ಆದರೂ ಎರಡಕ್ಕೂ ನಾಲ್ಕಕ್ಕೂ ಬಲಗೈ ತಾನಾಗೇ ಎದ್ದಿತು.

ಚಾರ್ಲಿ ಹೋದ ಸುದ್ದಿಯ ಬೆನ್ನಲ್ಲೇ ಸ್ಟೋನ್ಸ್ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಒಂದು ಚಿತ್ರ ಹಾಕಿದ್ದರು. ಮಾತಿಲ್ಲ, ಡ್ರಮ್ ಸೆಟ್ಟಿಗೆ ತೂಗುಹಾಕಿದ 'ಮುಚ್ಚಿದೆ' ಅನ್ನುವ ಬೋರ್ಡು ಅಷ್ಟೇ. ಸೋಮವಾರ ಅಮೆರಿಕದ ಸೇಂಟ್ ಲೂಯಿಸ್‌ನ ಸ್ಟೋನ್ಸ್ ಕಾರ್ಯಕ್ರಮದ ವಿಡಿಯೋ ಬಂತು. ಖಾಲಿ ವೇದಿಕೆ, ದೊಡ್ಡ ಪರದೆಯ ಮೇಲೆ ಅವರ ಹಳೇ ಚಿತ್ರಗಳು, ಜೊತೆಗೆ ಡ್ರಮ್ಮಿನ ಸದ್ದು ಮಾತ್ರ. ಮನೆಯವರೂ ಪಕ್ಕದಲ್ಲಿ ಕೂತು ಪೂರ್ತಿ ನೋಡಿದರು.

ಡ್ರಮ್ಸ್ ಇನ್ನೂ ತಾರಸಿಯಲ್ಲೇ ಇದೆ, ಮಳೆಗೆ ಟಾರ್ಪಾಲು ಹೊದಿಸಿದ್ದೇನೆ. ಶಿವಮೊಗ್ಗದವನ ಎಲ್‌ಪಿ ಇಲ್ಲೇ ಉಳಿದಿದೆ. ಕೆಳಮನೆ ಅಮ್ಮನ ಡಬರಿಯೂ ವಾಪಸು ಕೊಡಬೇಕು. ಬರುವ ಭಾನುವಾರ ಬಿಡುವಿದ್ದವರು ಬನ್ನಿ. ಇಳಿಸುವುದಕ್ಕೆ ಮುಂಚೆ ಒಂದೆರಡು ಹಾಡು ನುಡಿಸೋಣ. ಮೇಷ್ಟ್ರು ಮೃದಂಗ ತರುತ್ತೇನೆ ಅಂದಿದ್ದಾರೆ.