ನೀಲಿ ಮಾಯವಾದರೆ ಸಾಲದು

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಬೆಳಕಿನ ಬಲದಿಂದ ನೀರಿನ ಕಲ್ಮಶವನ್ನು ಒಡೆಯುವ ವೇಗವರ್ಧಕದ ಬಗ್ಗೆ ನೀನು ಕಳಿಸಿದ ಸಂಶೋಧನಾ ಪ್ರಸ್ತಾವನೆಯನ್ನು ಸಾವಧಾನವಾಗಿ ಓದಿದೆ. ಟೈಟಾನಿಯಂ ಡೈಆಕ್ಸೈಡ್‌ಗೆ ಸಾರಜನಕ ಬೆರೆಸುವುದು, ಮೇಲೆ ಬೆಳ್ಳಿಯ ಕಣ ಕೂರಿಸುವುದು, ಎಲ್ಲವನ್ನೂ ಇಂಗಾಲದ ಅತಿ ತೆಳುವಾದ ಗ್ರ್ಯಾಫೀನ್ ಹಾಳೆಗೆ ಅಂಟಿಸುವುದು, ಒಳಗೆ ಕಾಂತೀಯ ತಿರುಳು ಇಡುವುದು. ಉತ್ಸಾಹಕ್ಕೆ ಕೊರತೆಯಿಲ್ಲ. ಆದರೆ ಯಾವ ನೀರಿನಿಂದ ಯಾವ ಕಲ್ಮಶವನ್ನು ತೆಗೆಯಬೇಕಾಗಿದೆ ಎಂದು ಎಲ್ಲಿಯೂ ಬರೆದಿಲ್ಲವಲ್ಲ! ಪರೀಕ್ಷೆಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಎಂದಷ್ಟೇ ಇದೆ. ಮೊದಲು ಅದರ ಮೇಲೆಯೇ ನನ್ನ ತಕರಾರು.

ನೀಲಿ ದ್ರಾವಣ ತಿಳಿಯಾಗುವುದನ್ನು ನೋಡಿದರೆ ಯಾರಿಗಾದರೂ ಕೆಲಸ ಮುಗಿಯಿತು ಅನ್ನಿಸುತ್ತದೆ. 664 ನ್ಯಾನೋಮೀಟರ್ ಬಳಿ ಆ ಬಣ್ಣ ಬೆಳಕು ಹೀರುವ ಶಿಖರ ಕುಸಿಯುವುದಕ್ಕೆ ಎಷ್ಟೋ ಕಾರಣಗಳಿವೆ. ಬಣ್ಣ ಕಣದ ಮೈಗೆ ಸುಮ್ಮನೆ ಅಂಟಿಕೊಂಡಿರಬಹುದು. ಬಣ್ಣವೇ ಗೋಚರ ಬೆಳಕನ್ನು ಹೀರಿ ತನ್ನ ಎಲೆಕ್ಟ್ರಾನನ್ನು ವೇಗವರ್ಧಕಕ್ಕೆ ಕೊಟ್ಟು ತಾನೇ ಒಡೆದುಹೋಗಬಹುದು. ಆಗ ನಿನ್ನ ವಸ್ತು ಗೋಚರ ಬೆಳಕಿನಲ್ಲಿ ದುಡಿಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ದ್ರಾವಣದಲ್ಲಿ ಆಮ್ಲಜನಕ ಕಡಿಮೆಯಿದ್ದರಂತೂ ಮೆಥಿಲೀನ್ ಬ್ಲೂ ಎಲೆಕ್ಟ್ರಾನ್ ಪಡೆದು ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ತಿರುಗುತ್ತದೆ. ಬಾಟಲಿಯನ್ನು ಗಾಳಿಯಲ್ಲಿ ಒಮ್ಮೆ ಕುಲುಕು, ನೀಲಿ ಮರಳಿ ಬಂದರೆ ನೀನು ಏನನ್ನೂ ಒಡೆದಿಲ್ಲ ಎಂದೇ ಅರ್ಥ.

ಹಾಗಾಗಿ ಕತ್ತಲಲ್ಲಿ ಕಲಕುತ್ತಾ ಹೀರಿಕೆ ಸಮತೋಲಕ್ಕೆ ಬರುವವರೆಗೂ ಕಾಯಬೇಕು. ವೇಗವರ್ಧಕವಿಲ್ಲದೆ ಬರೀ ಬೆಳಕು ಕೊಟ್ಟು ಒಂದು ಪ್ರಯೋಗ ನಡೆಸಬೇಕು. ಬಣ್ಣವನ್ನು ಬದಿಗಿಟ್ಟು ಫೀನಾಲ್, ಔಷಧಿಯಾದ ಕಾರ್ಬಮಜೆಪೀನ್‌ನಂಥ ಬಣ್ಣವಿಲ್ಲದ ಅಣುವನ್ನೂ ಪರೀಕ್ಷಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಒಟ್ಟು ಸಾವಯವ ಇಂಗಾಲವನ್ನು ಅಳೆ, ಅಣು ಪೂರ್ತಿ ಒಡೆಯಿತೋ ಇಲ್ಲವೋ ಆಗ ತಿಳಿಯುತ್ತದೆ. ಅಟ್ರಜೀನ್ ಎಂಬ ಕಳೆನಾಶಕವನ್ನೇ ನೋಡು: ಟೈಟಾನಿಯಂ ಡೈಆಕ್ಸೈಡ್ ಅದನ್ನು ಒಡೆಯುತ್ತಾ ಹೋಗಿ ಸಯನ್ಯೂರಿಕ್ ಆಮ್ಲದ ಬಳಿ ನಿಂತುಬಿಡುತ್ತದೆ, ಆ ಅಣುವಿನ ಉಂಗುರವನ್ನು ಮುರಿಯಲಾರದು. ಅಟ್ರಜೀನ್ ಒಂದನ್ನೇ ಅಳೆದವರಿಗೆ ಇದು ಕಾಣಿಸುವುದೇ ಇಲ್ಲ.

ಇನ್ನು ವಿನ್ಯಾಸದ ಮಾತು. ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ವಿದ್ಯುದ್ವಾರದ ಮೇಲೆ ಬೆಳಕಿನಿಂದ ನೀರನ್ನು ಒಡೆದು ತೋರಿಸಿದ ಲಾಗಾಯ್ತು ಈ ಕ್ಷೇತ್ರಕ್ಕೆ ಅಂಟಿಕೊಂಡ ತೊಡಕು ಎರಡು. ಆ ವಸ್ತುವಿನ ಅನಾಟೇಸ್ ಎಂಬ ಹರಳು ರೂಪದ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನನ್ನು ಎಬ್ಬಿಸಲು ಬೇಕಾದ ಕನಿಷ್ಠ ಶಕ್ತಿ) 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 388 ನ್ಯಾನೋಮೀಟರ್‌ಗಿಂತ ಕಿರಿದಾದ ನೇರಳಾತೀತ ಬೆಳಕೇ ಬೇಕು. ನೆಲಕ್ಕೆ ತಲುಪುವ ಬಿಸಿಲಿನಲ್ಲಿ ಅದು ಶೇ. 5ರ ಆಸುಪಾಸು. ಸಿಕ್ಕಿದ ಅಷ್ಟು ಬೆಳಕಿನಲ್ಲೂ ಹುಟ್ಟಿದ ಎಲೆಕ್ಟ್ರಾನ್ ಮತ್ತು ಅದು ತೆರವು ಮಾಡಿದ ಜಾಗವಾದ ಹೋಲ್‌ಗಳಲ್ಲಿ ಹೆಚ್ಚಿನವು ಮೇಲ್ಮೈ ತಲುಪುವ ಮೊದಲೇ ಒಂದನ್ನೊಂದು ಕೂಡಿ ಶಾಖವಾಗಿ ಮುಗಿಯುತ್ತವೆ. ಕಣ ಸಣ್ಣದಾದರೆ ಮೇಲ್ಮೈ ಹತ್ತಿರವಾಗುತ್ತದೆ, ನಿಜ. ತೀರಾ ಸಣ್ಣದಾದರೆ ಬ್ಯಾಂಡ್ ಗ್ಯಾಪ್ ಹಿಗ್ಗುತ್ತದೆ, ಮೇಲ್ಮೈಯ ದೋಷಗಳಲ್ಲೇ ಮರುಸಂಯೋಗ ಹೆಚ್ಚುತ್ತದೆ. ಸಾರಜನಕ ಬೆರೆಸಿದರೆ ಗೋಚರ ಬೆಳಕು ಹೀರುವುದು ಖಂಡಿತ, ಆದರೆ ಆ ಮಟ್ಟಗಳಲ್ಲಿ ಹುಟ್ಟುವ ಹೋಲ್‌ಗಳಿಗೆ ಕಸುವು ಕಡಿಮೆ. ಕಾರ್ಬನ್ ನೈಟ್ರೈಡ್‌ನದೂ ಇದೇ ಕತೆ: 2.7 ಎಲೆಕ್ಟ್ರಾನ್ ವೋಲ್ಟ್ ಕೇಳಲು ಹಿತವಾಗಿದೆ, ಅದರ ಹೋಲ್ ಮಾತ್ರ ನೀರಿನಿಂದ ನೇರವಾಗಿ ಕಲ್ಮಶವನ್ನು ಒಡೆಯುವ ಚುರುಕು ತುಣುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ತೆಗೆಯಲಾರದು. ಬ್ಯಾಂಡ್ ಗ್ಯಾಪ್‌ನ ಅಗಲ ಬರೆದು ಸುಮ್ಮನಾಗಬೇಡ, ಅದರ ಮೇಲಿನ, ಕೆಳಗಿನ ಅಂಚುಗಳು ಯಾವ ವೋಲ್ಟ್‌ನಲ್ಲಿ ನಿಂತಿವೆ ಎಂದೂ ಬರೆ. ಕ್ಯಾಡ್ಮಿಯಂ ಸಲ್ಫೈಡನ್ನು ಪರ್ಯಾಯವೆಂದು ಹೆಸರಿಸಿದ್ದೀಯ. ಬೇಡ. ಬೆಳಕಿನಲ್ಲಿ ಅದೇ ಕೊರೆದುಹೋಗಿ ನೀರಿಗೆ ಕ್ಯಾಡ್ಮಿಯಂ ಬಿಡುತ್ತದೆ. ಕಳ್ಳನನ್ನು ಹಿಡಿಯಲು ದರೋಡೆಕೋರನನ್ನು ಕಾವಲಿಟ್ಟಂತೆ.

ಕಾಂತೀಯ ತಿರುಳಿನ ಯೋಚನೆ ನನಗೆ ಹಿಡಿಸಿತು. ಇಪ್ಪತ್ತು ಚಿಲ್ಲರೆ ನ್ಯಾನೋಮೀಟರ್‌ನ ಪುಡಿಯನ್ನು ನೀರಿನಿಂದ ಮರಳಿ ಪಡೆಯುವುದೇ ದೊಡ್ಡ ಪೀಡೆ, ಆ ಬಗ್ಗೆ ಮೊದಲೇ ಯೋಚಿಸಿದ್ದು ಒಳ್ಳೆಯದಾಯಿತು. ಆದರೆ ತಿರುಳಿನ ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣದ ಆಕ್ಸೈಡ್) ನೇರವಾಗಿ ತಾಗಿದರೆ ಎಲೆಕ್ಟ್ರಾನ್ ಮತ್ತು ಹೋಲ್ ಅದರಲ್ಲೇ ಕೂಡಿಬಿಡುತ್ತವೆ, ಕಬ್ಬಿಣವೂ ಕರಗುತ್ತದೆ. ನಡುವೆ ಸಿಲಿಕಾದ ತೆಳು ಪದರ ಇಡು.

ನೀರಿನ ವಿಚಾರಕ್ಕೆ ಬರುತ್ತೇನೆ. ಭಟ್ಟಿ ಇಳಿಸಿದ ನೀರಿನಲ್ಲಿ ಗೆದ್ದ ವಸ್ತು ನಿಜವಾದ ನೀರಿನಲ್ಲಿ ಸೋಲುವುದು ಮಾಮೂಲು. ಬೈಕಾರ್ಬನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಕಬಳಿಸುತ್ತದೆ, ಕೊಳೆತ ಎಲೆಯಿಂದ ಬಂದ ಸಾವಯವ ಅಂಶ ಬೆಳಕನ್ನೂ ಮೇಲ್ಮೈಯನ್ನೂ ಆಕ್ರಮಿಸುತ್ತದೆ. ಟೈಟಾನಿಯಂ ಡೈಆಕ್ಸೈಡ್‌ನ ಮೈ ಸುಮಾರು ಪಿಎಚ್ 6ರ ಕೆಳಗೆ ಧನ, ಮೇಲೆ ಋಣ. ನಿನ್ನ ಕಲ್ಮಶದ ವಿದ್ಯುದಂಶವೂ ಅದೇ ಆದರೆ ಅದು ಹತ್ತಿರವೇ ಸುಳಿಯುವುದಿಲ್ಲ.

ಮುಂದಿನ ಕರಡಿನಲ್ಲಿ ಬೆಳ್ಳಿ ಮತ್ತು ಗ್ರ್ಯಾಫೀನ್ ಎರಡನ್ನೂ ಕೈಬಿಡು. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಏನು ಮಾಡಿತು ಎಂದು ನಿನಗೇ ಹೇಳಲಾಗದು. ಒಂದು ಕಲ್ಮಶವನ್ನು ಆರಿಸು, ಅದಿರುವ ನೀರನ್ನು ತರಿಸು, ಹೋಲಿಕೆಗೆ ಪಿ25 ಎಂಬ ಮಾರುಕಟ್ಟೆಯ ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ಅದೇ ದೀಪದ ಕೆಳಗೆ ಇಡು. ದೀಪದ ವರ್ಣಪಟಲವನ್ನು, ದ್ರಾವಣಕ್ಕೆ ಬಿದ್ದ ಬೆಳಕಿನ ಅಳತೆಯನ್ನು ಕರಡಿನ ಜೊತೆಗೇ ಕಳಿಸು. ಅವಿಲ್ಲದೆ ಬಂದರೆ ನಾನು ಓದುವುದಿಲ್ಲ.

ಇಂತಿ,
ನಿನ್ನ ಮಾವ