ಮಿದುಳಿನ ಸಂಶೋಧನೆಯ ದಾರಿ ನಮ್ಮ ಮಕ್ಕಳಿಗೂ ಕಾಣಲಿ

ಸಂಪಾದಕರೇ,

ಕೊಡಗಿನಲ್ಲಿ ವಿಜ್ಞಾನ ಓದುವ ಪಿಯು ಮಕ್ಕಳನ್ನು ಮುಂದೇನು ಅಂತ ಕೇಳಿದರೆ ಜಾಸ್ತಿ ಸಿಗುವ ಉತ್ತರ ನೀಟ್, ಇಲ್ಲವೇ ಎಂಜಿನಿಯರಿಂಗ್. ಮಿದುಳಿನ ಸಂಶೋಧನೆಯಲ್ಲೂ ಬದುಕು ಕಟ್ಟಿಕೊಳ್ಳಬಹುದು ಎಂದು ಅವರಿಗೆ ಹೇಳುವವರು ಯಾರು?

ಅಮೆರಿಕದ ನರವಿಜ್ಞಾನಿ ರಾಬರ್ಟ್ ಡೆಸಿಮೋನ್ ಅವರನ್ನೇ ನೋಡಿ. ಕಣ್ಣೆದುರು ಹತ್ತಾರು ವಸ್ತುಗಳಿದ್ದರೂ ನಾವು ಒಂದನ್ನೇ ಗಮನಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಅವರು ದಶಕಗಳನ್ನೇ ಕಳೆದಿದ್ದಾರೆ. 1985ರಲ್ಲಿ ಜೆಫ್ರಿ ಮೊರಾನ್ ಜೊತೆ ಅವರು ಪ್ರಕಟಿಸಿದ ಪ್ರಯೋಗ ನನಗೆ ಈಗಲೂ ಬೆರಗು. ಕೋತಿಯ ಮಿದುಳಿನ ಒಂದು ನರಕೋಶ ಗ್ರಹಿಸುವ ಜಾಗದೊಳಗೇ ಎರಡು ಗುರುತುಗಳನ್ನು ತೋರಿಸಿದರು. ಕೋತಿ ಗಮನ ಕೊಟ್ಟ ಗುರುತಿಗೆ ಕೋಶ ಸ್ಪಂದಿಸಿತು. ಇನ್ನೊಂದರ ಪ್ರಭಾವ ತುಂಬಾ ಕುಗ್ಗಿತು. ಕಣ್ಣಿಗೆ ಬೀಳುವ ಚಿತ್ರ ಮಾತ್ರ ಬದಲಾಗಿರಲಿಲ್ಲ! 1995ರಲ್ಲಿ ಜಾನ್ ಡಂಕನ್ ಜೊತೆ ಸೇರಿ, ವಸ್ತುಗಳು ಮಿದುಳಿನಲ್ಲಿ ಪೈಪೋಟಿ ನಡೆಸುತ್ತವೆ, ಗಮನ ಒಂದರ ಪರ ವಾಲುತ್ತದೆ ಎಂದು ವಿವರಿಸಿದರು. 2004ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೆಕ್‌ಗವರ್ನ್ ಮಿದುಳು ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಇದು ನಮಗೆ ದೂರದ ವಿಷಯವಲ್ಲ. ಸಂಪಾಜೆ ಘಾಟಿಯ ಮಂಜಿನಲ್ಲಿ ಮೊಬೈಲಿನಲ್ಲಿ ಮಾತಾಡುತ್ತಾ ಗಾಡಿ ಓಡಿಸುವವರ ಕಣ್ಣು ರಸ್ತೆ ಮೇಲಿದ್ದರೂ ಗಮನ ಬೇರೆಡೆ ಇರುತ್ತದೆ, ಅಲ್ವಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನರವಿಜ್ಞಾನ ಕೇಂದ್ರವಿದೆ. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆಯ ಕಾಲೇಜುಗಳು ಅಲ್ಲಿನ ಸಂಶೋಧಕರನ್ನು ವರ್ಷಕ್ಕೊಮ್ಮೆಯಾದರೂ ಕರೆಸಲಿ. ಸುಮ್ನೆ ಭಾಷಣ ಬೇಡ. ಮಕ್ಕಳಿಗೆ ಪ್ರಶ್ನೆ ಕೇಳಲು ಅರ್ಧ ದಿನವಾದರೂ ಸಿಗಲಿ.

– ಪಿಯು ವಿದ್ಯಾರ್ಥಿನಿಯ ತಾಯಿ, ಗೋಣಿಕೊಪ್ಪ