ಸೀನನಿಗೆ ಒಂದು ಪತ್ರ: ಆ ಮಾತ್ರೆ ನೀನೇ ಏರಿಸ್ಕೋಬೇಡ

ಲೋ ಸೀನ,

ನಿನ್ ವಾಯ್ಸ್ ಮೆಸೇಜ್ ಕೇಳ್ದೆ. ಥೈರಾಯ್ಡ್ ಗ್ರಂಥಿ ಪೂರ್ತಿ ತೆಗೆಯೋ ಆಪರೇಷನ್ ಆಗಿ ಮೂರು ವಾರಕ್ಕೇ "ಈ ನೂರು ಮೈಕ್ರೋಗ್ರಾಂ ಮಾತ್ರೆ ಏನೂ ಕೆಲ್ಸ ಮಾಡ್ತಿಲ್ಲ, ನಾಳೆಯಿಂದ ಒಂದೂವರೆ ನುಂಗ್ತೀನಿ" ಅಂದ್ಯಲ್ಲ, ಮೊದ್ಲು ಆ ಯೋಚ್ನೆ ಬಿಡು ಮಾರಾಯ. ಸುಸ್ತು ನಿಜಾನೇ, ನಂದೂ ಕುಯ್ಸ್ಕೊಂಡಿರೋ ಕುತ್ತಿಗೇನೇ. ಆದ್ರೆ ಇದು ತಲೆನೋವಿನ ಮಾತ್ರೆ ಥರ ಮಧ್ಯಾಹ್ನ ನುಂಗಿ ಸಂಜೆಗೆ ಗುಣ ನೋಡೋ ಔಷಧಿ ಅಲ್ಲ ಕಣೋ. ಗ್ರಂಥಿ ಮಾಡ್ತಿದ್ದ ಹಾರ್ಮೋನಿನ ಬದಲಿಗೆ ನುಂಗೋ ಈ ಲೀವೋಥೈರಾಕ್ಸಿನ್ ಮೈಯಲ್ಲಿ ಅರ್ಧ ಖಾಲಿಯಾಗೋಕೇ ಒಂದು ವಾರ ಬೇಕು, ಹಾಗಾಗಿ ಇವತ್ತು ಡೋಸ್ ಬದಲಾಯಿಸಿದ್ರೆ ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಲ್ಲೋಕೆ ಐದಾರು ವಾರ ಹಿಡಿಯುತ್ತೆ, ಅದಕ್ಕೇ ಡಾಕ್ಟ್ರು ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಹೆಚ್ (ಡೋಸ್ ಸರಿಯಿದ್ಯಾ ಅಂತ ತೋರಿಸೋ ರಕ್ತಪರೀಕ್ಷೆ, ಮಾತ್ರೆ ಜಾಸ್ತಿ ಆದಷ್ಟೂ ಇದು ಇಳಿಯುತ್ತೆ) ಮಾಡಿಸು ಅಂದಿರೋದು. ಮಧ್ಯದಲ್ಲಿ ನೀನೇ ಏರಿಸಿ ಇಳಿಸಿ ಮಾಡಿದ್ರೆ ಆ ರಿಪೋರ್ಟ್ ಯಾವ ಡೋಸ್‌ದು ಅಂತ ಯಾರಿಗೆ ಗೊತ್ತಾಗ್ಬೇಕು?

ಪೂರ್ತಿ ಗ್ರಂಥಿ ತೆಗೆದ್ರೆ ಸಾಮಾನ್ಯವಾಗಿ ಮೈತೂಕದ ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ ಶುರು ಮಾಡ್ತಾರೆ, ಅದು ಅಂದಾಜು ಅಷ್ಟೆ, ಆಮೇಲೆ ರಿಪೋರ್ಟ್ ನೋಡ್ಕೊಂಡು 12.5 ಇಲ್ಲಾ 25 ಮೈಕ್ರೋಗ್ರಾಂ ಆ ಕಡೆ ಈ ಕಡೆ ಮಾಡ್ತಾರೆ. ನೀನು ಒಂದೇ ಸಲಕ್ಕೆ ಐವತ್ತು ಏರಿಸೋಕೆ ಹೊರಟಿದ್ದೀಯ! ನಂಗೆ 125 ಕೊಟ್ಟಾಗ ಕಾಫಿ ಲೋಟ ಎತ್ತಿದ್ರೆ ಡಬರೀಲಿ ಟಕಟಕ ಅಂತಿತ್ತು, ಕೈ ಅಷ್ಟು ನಡುಗ್ತಿತ್ತು, ರಾತ್ರಿ ಮಲಗಿದ್ರೆ ಎದೆಬಡಿತ ದಿಂಬಿನಲ್ಲೇ ಕೇಳೋದು. 112ಕ್ಕೆ ಇಳಿಸಿದ್ಮೇಲೂ ಸರಿಹೋಗೋಕೆ ವಾರಗಟ್ಲೆ ಆಯ್ತು. ವರ್ಷಗಟ್ಲೆ ಜಾಸ್ತಿ ನುಂಗಿದ್ರೆ ಹೃದಯದ ಲಯ ತಪ್ಪುತ್ತೆ, ಮೂಳೆ ಸವೆಯುತ್ತೆ. ನಿಮ್ಮತ್ತೆಗೆ ಡಾಕ್ಟ್ರು ಟಿಎಸ್‌ಹೆಚ್ ತುಂಬಾ ಕಮ್ಮಿ ಇಟ್ಟಿದಾರೆ ಅಂದ್ಯಲ್ಲ, ಅವರದು ಕ್ಯಾನ್ಸರ್, ಅವರಿಗೆ ಬೇಕಂತಲೇ ಹಾಗೆ ಮಾಡಿರ್ತಾರೆ, ನಿಂದು ಬರೀ ಗಂಟು, ಎರಡನ್ನೂ ಹೋಲಿಸ್ಬೇಡ.

ಡೋಸ್ ಏರಿಸೋಕಿಂತ ಮೊದ್ಲು ಇರೋ ಮಾತ್ರೆ ಮೈಗೆ ಸೇರ್ತಿದ್ಯಾ ನೋಡು. ಎದ್ದ ತಕ್ಷಣ ಖಾಲಿ ಹೊಟ್ಟೇಲಿ ನೀರಲ್ಲಿ ನುಂಗು, ಅರ್ಧ ಮುಕ್ಕಾಲು ಗಂಟೆ ಕಾಫಿ ಮುಟ್ಬೇಡ (ನಿಂಗೆ ಇದೇ ಕಷ್ಟ ಅಂತ ಗೊತ್ತು). ಕ್ಯಾಲ್ಸಿಯಂ, ಐರನ್ ಮಾತ್ರೆ ನಾಲ್ಕು ಗಂಟೆ ಬಿಟ್ಟು, ಇಲ್ಲಾಂದ್ರೆ ಅವು ಇದನ್ನ ಹೊಟ್ಟೇಲೇ ಹಿಡ್ಕೊಂಡು ಬಿಡ್ತವೆ. ಮೆಡಿಕಲ್ ಶಾಪಲ್ಲಿ ಸ್ಟಾಕಿಲ್ಲ ಅಂತ ಬೇರೆ ಕಂಪನೀದು ಕೊಟ್ರೆ ಸುಮ್ನೆ ತರ್ಬೇಡ, ಒಂದೇ ಕಂಪನಿಗೆ ಅಂಟ್ಕೊಂಡಿರು. ಕೂದಲು ಉದುರ್ತಿದೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೋತಿದ್ರೆ ಟೆಸ್ಟಿಗೆ ಎರಡು ದಿನ ಮುಂಚೆನೇ ನಿಲ್ಸು, ಅದು ರಿಪೋರ್ಟನ್ನೇ ಸುಳ್ಳು ಮಾಡುತ್ತೆ. ಆಮೇಲೆ ಎಲೆಕೋಸು ತಿನ್ಬೇಡ ಅಂತ ಮನೇಲಿ ಎಲ್ರೂ ಹೇಳ್ತಿದಾರಂತೆ, ಕೋಸು ತೊಂದ್ರೆ ಕೊಡೋದು ಗ್ರಂಥಿಗೆ, ಆ ಗ್ರಂಥೀನೇ ಇಲ್ವಲ್ಲೋ, ಆರಾಮಾಗಿ ಪಲ್ಯ ತಿನ್ನು.

ಜೀವನ ಪೂರ್ತಿ ಮಾತ್ರೇನಾ ಅಂತ ಗೋಳಾಡ್ತಿದ್ದೆ. 1891ರಲ್ಲಿ ಇಂಗ್ಲೆಂಡಿನ ಮರ್ರೆ ಅನ್ನೋ ಡಾಕ್ಟ್ರು ಥೈರಾಯ್ಡ್ ಸೊರಗಿದ್ದ ಒಬ್ಬ ಹೆಂಗಸಿಗೆ ಕುರಿ ಥೈರಾಯ್ಡಿನ ರಸ ಚುಚ್ಚಿದ್ರು, ಆಕೆ ಆಮೇಲೆ 28 ವರ್ಷ ಬದುಕಿದ್ಲು. ನಮಗೆ ಕುರಿ ಬೇಡ, ಒಂದು ಪುಟಾಣಿ ಮಾತ್ರೆ ಸಾಕು.

ಸುಸ್ತು ಜಾಸ್ತಿ ಆದ್ರೆ ಡಾಕ್ಟ್ರಿಗೆ ಹೇಳು, ಬೇಕಿದ್ರೆ ಅವರೇ ಟೆಸ್ಟ್ ಬೇಗ ಬರೀಲಿ. ಆದ್ರೆ ತುಟಿ ಸುತ್ತ, ಬೆರಳ ತುದೀಲಿ ಜುಮ್ ಅನ್ನೋಕೆ ಶುರುವಾದ್ರೆ, ಕೈ ಸೆಳೆತ ಬಂದ್ರೆ ಕಾಯೋ ಮಾತೇ ಇಲ್ಲ, ಅದು ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾಗಿರೋ ಲಕ್ಷಣ, ಈ ಆಪರೇಷನ್ ಆದ್ಮೇಲೆ ಹಾಗಾಗೋದುಂಟು, ನಂಗೆ ಮೆಸೇಜ್ ಹಾಕ್ಕೊಂಡು ಕೂರ್ಬೇಡ, ಸೀದಾ ಆಸ್ಪತ್ರೆಗೆ ಹೋಗು.

ನಿನ್ನ,
ರಘು